ಕರೆಂಟ್ ಹೋಗುವುದರೊಳಗೆ ಕೆಲಸ ಮುಗಿಯಲಿ: ಒಂದೇ ಕಂಪ್ಯೂಟರಿನ ಎಲ್ಲಾ ಕೋರ್‌ಗಳನ್ನೂ ದುಡಿಸುವುದು ಹೇಗೆ?

ಕೊಡಗಿನ ಮಡಿಕೇರಿಯಾಗಲಿ, ನಾಪೋಕ್ಲು, ಭಾಗಮಂಡಲದ ಕಡೆಯಾಗಲಿ, ಜೂನ್ ಬಂತೆಂದರೆ ಕರೆಂಟನ್ನು ನಂಬಿ ಯಾವ ಕೆಲಸವನ್ನೂ ಹಚ್ಚುವ ಹಾಗಿಲ್ಲ. ಗಾಳಿಗೆ ಒಂದು ಸಿಲ್ವರ್ ಓಕ್ ಲೈನ್ ಮೇಲೆ ಬಿದ್ದರೆ ಸಂಜೆವರೆಗೆ ಕರೆಂಟಿಲ್ಲ. ಕೆಲವೊಮ್ಮೆ ಮಾರನೇ ದಿನವೂ ಇಲ್ಲ. ಇಂಥ ಕಡೆ ಆರೇಳು ಗಂಟೆ ಓಡಬೇಕಾದ ಪ್ರೋಗ್ರಾಂ ಹಚ್ಚಿ ಮಲಗಿದರೆ ಬೆಳಿಗ್ಗೆ ಏನು ಕಾದಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟು ಹೊತ್ತು ಹಿಡಿಯುವ ಪ್ರೋಗ್ರಾಂ ಓಡುತ್ತಿರುವಾಗ ಒಮ್ಮೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಸಿಪಿಯು ಬಳಕೆ ಶೇಕಡಾ 12 ಅಥವಾ 13 ಅಂತ ತೋರಿಸುತ್ತಿರಬಹುದು. ಈ ಸಂಖ್ಯೆ ಸುಮ್ನೆ ಬಂದದ್ದಲ್ಲ. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ಅಂದರೆ ಎಂಟು ಪ್ರಾಸೆಸರ್‌ಗಳ ಪೈಕಿ ಒಂದು ಬೆವರು ಸುರಿಸುತ್ತಿದೆ, ಏಳು ಕೈಕಟ್ಟಿ ಕೂತಿವೆ. ದುಡ್ಡು ಕೊಟ್ಟದ್ದು ಎಂಟಕ್ಕೂ, ಅಲ್ವಾ?

ಈ ಬರಹ ಆ ಏಳಕ್ಕೂ ಕೆಲಸ ಕೊಡುವುದರ ಬಗ್ಗೆ. ಇದಕ್ಕೆ ದೊಡ್ಡ ಸರ್ವರ್ ಬೇಡ, ಕ್ಲೌಡ್ ಬೇಡ, ನೆಟ್ ಕೂಡ ಬೇಡ. ನನ್ನ ಮಟ್ಟಿಗೆ ಮುಖ್ಯವಾದ ಮಾತು ಇಷ್ಟೇ. ಕೆಲಸವನ್ನು ಒಂದಕ್ಕೊಂದು ಸಂಬಂಧವಿಲ್ಲದ ಸಣ್ಣ ತುಂಡುಗಳಾಗಿ ಒಡೆಯಿರಿ. ಆಗ ಎಲ್ಲಾ ಕೋರ್‌ಗಳಿಗೂ, ಅಂದರೆ ಚಿಪ್‌ನೊಳಗಿನ ಲೆಕ್ಕ ಮಾಡುವ ಘಟಕಗಳಿಗೆಲ್ಲಾ, ಹಂಚಬಹುದು. ನಡುವೆ ಕರೆಂಟ್ ಹೋದರೂ ಉಳಿದ ತುಂಡುಗಳನ್ನಷ್ಟೇ ಮುಂದುವರಿಸಬಹುದು. ವೇಗ ಮತ್ತು ಭದ್ರತೆ ಎರಡೂ ಒಂದೇ ಉಪಾಯಕ್ಕೆ ಸಿಗುತ್ತವೆ. ಮಳೆಗಾಲದಲ್ಲಿ ನನಗೆ ಎರಡನೆಯದೇ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಒಂದು ಸೂಚನೆ: ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಕೊಡುವ ಕಿಟಕಿಯಲ್ಲಿ) ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಎಷ್ಟು ಕೋರ್ ಇದೆ ನೋಡಿಕೊಳ್ಳಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ ಸಿಪಿಯು ಮೇಲೆ ಒತ್ತಿದರೆ ಕೆಳಗೆ ಎರಡು ಸಂಖ್ಯೆ ಕಾಣುತ್ತವೆ. ಒಂದು ಕೋರ್‌ಗಳದ್ದು, ಇನ್ನೊಂದು ಲಾಜಿಕಲ್ ಪ್ರಾಸೆಸರ್‌ಗಳದ್ದು. ಲಿನಕ್ಸ್‌ನಲ್ಲಿ ‘ಎನ್‌ಪ್ರಾಕ್’ ಅಂದರೆ ಲಾಜಿಕಲ್ ಸಂಖ್ಯೆ ಬರುತ್ತದೆ, ‘ಎಲ್‌ಎಸ್‌ಸಿಪಿಯು’ ಅಂದರೆ ಪೂರ್ತಿ ವಿವರ ಬರುತ್ತದೆ.

ಇವೆರಡರ ವ್ಯತ್ಯಾಸ ತಿಳಿದಿರಬೇಕು. 4 ಕೋರ್, 8 ಲಾಜಿಕಲ್ ಅಂತಿದ್ದರೆ ನಿಜವಾಗಿ ಲೆಕ್ಕ ಮಾಡುವ ಘಟಕಗಳು ನಾಲ್ಕೇ. ಒಂದೊಂದು ಕೋರ್ ಎರಡೆರಡು ಥ್ರೆಡ್‌ಗಳನ್ನು (ಕೆಲಸದ ಎಳೆಗಳನ್ನು) ಹಿಡಿದುಕೊಂಡು, ಒಂದು ಮೆಮೊರಿಗಾಗಿ ಕಾಯುವಾಗ ಇನ್ನೊಂದನ್ನು ನಡೆಸುತ್ತದೆ. ಇದರಿಂದ ಸ್ವಲ್ಪ ಲಾಭವಿದೆ, ಆದರೆ ವೇಗ ಎರಡು ಪಟ್ಟು ಆಗುವುದಿಲ್ಲ. ಶುದ್ಧ ಲೆಕ್ಕದ ಕೆಲಸದಲ್ಲಿ ಕೆಲವೊಮ್ಮೆ ಏನೂ ಲಾಭವಿರುವುದಿಲ್ಲ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ತೊಡಕಿದೆ. ಇಂಟೆಲ್ 2021ರ ಕೊನೆಗೆ ತಂದ 12ನೇ ಪೀಳಿಗೆಯಿಂದ ಒಂದೇ ಚಿಪ್‌ನಲ್ಲಿ ಎರಡು ಜಾತಿಯ ಕೋರ್‌ಗಳು ಬಂದವು. ಐ5-1235ಯು ಚಿಪ್ ತಗೊಳ್ಳಿ. ಅದರಲ್ಲಿ ವೇಗದ ಕೋರ್ 2, ಕರೆಂಟ್ ಉಳಿಸುವ ನಿಧಾನದ ಕೋರ್ 8, ಒಟ್ಟು ಥ್ರೆಡ್ 12. ಅಂಗಡಿಯವರು ‘ಹತ್ತು ಕೋರ್’ ಅಂತ ಹೇಳುವುದು ಸುಳ್ಳಲ್ಲ. ಆದರೆ ಆ ಹತ್ತೂ ಒಂದೇ ಸಮ ಅಲ್ಲ. ಕೆಲಸವನ್ನು ಹತ್ತು ಸಮಪಾಲು ಮಾಡಿ ಕೊಟ್ಟರೆ ವೇಗದವು ಬೇಗ ಮುಗಿಸಿ ನಿಧಾನದವುಗಳಿಗಾಗಿ ಕಾಯುತ್ತವೆ. ಇದಕ್ಕೆ ಪರಿಹಾರ ಮುಂದೆ ಬರುತ್ತದೆ.

ಇಷ್ಟೆಲ್ಲಾ ಕೋರ್ ಯಾಕೆ ಬಂದವು ಅಂದರೆ ಬಿಸಿಯ ಕಾರಣಕ್ಕೆ. ಒಂದೇ ಕೋರಿನ ಗಡಿಯಾರದ ವೇಗ ಏರಿಸುತ್ತಾ ಹೋದರೆ ಚಿಪ್ ತಣಿಸುವುದೇ ಕಷ್ಟವಾಗುತ್ತದೆ. ಐಬಿಎಂ 2001ರಲ್ಲೇ ಪವರ್4 ಅನ್ನುವ ಎರಡು ಕೋರಿನ ಚಿಪ್ ತಂದಿತ್ತು. ಮನೆಯ ಕಂಪ್ಯೂಟರುಗಳಿಗೆ ಇಂಟೆಲ್, ಎಎಂಡಿ ಎರಡೂ 2005ರಲ್ಲಿ ತಂದವು. ಅಲ್ಲಿಂದೀಚೆಗೆ ಹೊಸ ಕಂಪ್ಯೂಟರ್ ತಂದರೆ ಹಳೆ ಪ್ರೋಗ್ರಾಂ ತಾನಾಗಿ ಎರಡು ಪಟ್ಟು ವೇಗವಾಗುವ ಕಾಲ ಮುಗಿಯಿತು. ಹಂಚುವ ಕೆಲಸ ನಮ್ಮ ತಲೆಗೇ ಬಂತು.

ಹಂಚುವ ಮುಂಚೆ ಅಳೆಯಿರಿ

ಲಿನಕ್ಸ್‌ನಲ್ಲಿ ನಿಮ್ಮ ಕಮಾಂಡಿನ ಮುಂದೆ ‘ಟೈಮ್’ ಅಂತ ಹಾಕಿ ಓಡಿಸಿ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಮೆಷರ್-ಕಮಾಂಡ್’ ಇದೆ. ಟೈಮ್ ಮೂರು ಸಾಲು ಕೊಡುತ್ತದೆ. ‘ರಿಯಲ್’ ಅಂದರೆ ಗೋಡೆ ಗಡಿಯಾರದ ಸಮಯ. ‘ಯೂಸರ್’ ಅಂದರೆ ಎಲ್ಲಾ ಕೋರ್‌ಗಳು ನಿಮ್ಮ ಪ್ರೋಗ್ರಾಂಗಾಗಿ ದುಡಿದ ಸಮಯದ ಮೊತ್ತ. ‘ಸಿಸ್’ ಅಂದರೆ ಆಪರೇಟಿಂಗ್ ಸಿಸ್ಟಂ ಅದಕ್ಕಾಗಿ ತೆಗೆದುಕೊಂಡದ್ದು.

ಯೂಸರ್ ಮತ್ತು ರಿಯಲ್ ಹೆಚ್ಚುಕಡಿಮೆ ಒಂದೇ ಇದ್ದರೆ ಒಂದು ಕೋರ್ ಪೂರ್ತಿ ದುಡಿಯುತ್ತಿದೆ ಅಂತ ಅರ್ಥ. ಇಂಥ ಕೆಲಸ ಹಂಚಲು ಯೋಗ್ಯ. ಯೂಸರ್ ಆಗಲೇ ರಿಯಲ್‌ಗಿಂತ ಜಾಸ್ತಿ ಇದ್ದರೆ ಪ್ರೋಗ್ರಾಂ ಒಳಗೊಳಗೇ ಹಂಚಿಕೊಂಡು ಓಡುತ್ತಿದೆ. ಯೂಸರ್ ತುಂಬಾ ಕಮ್ಮಿ, ರಿಯಲ್ ತುಂಬಾ ಜಾಸ್ತಿ ಅಂದರೆ ಅದು ಡಿಸ್ಕ್‌ಗೋ ನೆಟ್‌ಗೋ ಕಾಯುತ್ತಾ ಕೂತಿದೆ. ಅಲ್ಲಿ ಕೋರ್ ಹೆಚ್ಚಿಸಿ ಏನೂ ಪ್ರಯೋಜನವಿಲ್ಲ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆದರೆ ನಾಲ್ಕು ಕಡೆಯಿಂದ ಒಟ್ಟಿಗೆ ಓದಲು ಹೋದಾಗ ಮುಂಚಿಗಿಂತ ನಿಧಾನವೇ ಆಗಬಹುದು. ಪೆನ್ ಡ್ರೈವ್‌ನಿಂದ ನೇರವಾಗಿ ಓದಿಸುವುದಂತೂ ಬೇಡ. ಫೈಲ್‌ಗಳನ್ನು ಮೊದಲು ಎಸ್‌ಎಸ್‌ಡಿಗೆ ಹಾಕಿಕೊಳ್ಳಿ.

ಪ್ರೋಗ್ರಾಂನಲ್ಲಿ ಹಂಚಲು ಬರುವ ಭಾಗ ಎಷ್ಟು, ಬಾರದ ಭಾಗ ಎಷ್ಟು ಅನ್ನುವುದನ್ನೂ ನೋಡಬೇಕು. ಕಾಫಿ ಕುಯ್ಲಿನ ಸಂಜೆಯನ್ನು ನೆನಪಿಸಿಕೊಳ್ಳಿ. ಹತ್ತು ಜನರ ಬದಲು ಇಪ್ಪತ್ತು ಜನ ಹಣ್ಣು ಕುಯ್ದರೆ ಕುಯ್ಲು ಅರ್ಧ ಹೊತ್ತಿಗೆ ಮುಗಿಯುತ್ತದೆ. ಆದರೆ ತೂಕದ ಜಾಗದಲ್ಲಿ ತಕ್ಕಡಿ ಒಂದೇ, ಬರೆದುಕೊಳ್ಳುವ ರೈಟರ್ ಒಬ್ಬರೇ. ಎಷ್ಟು ಜನ ಕುಯ್ದರೂ ಚೀಲಗಳು ಅಲ್ಲಿ ಸಾಲಾಗಿಯೇ ನಿಲ್ಲಬೇಕು.

ಇದನ್ನೇ 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ಲೆಕ್ಕ ಹಾಕಿ ತೋರಿಸಿದರು. ನಿಮ್ಮ ಪ್ರೋಗ್ರಾಂ 100 ನಿಮಿಷದ್ದು, ಅದರಲ್ಲಿ 10 ನಿಮಿಷ ಹಂಚಲಾಗದ್ದು ಅಂದುಕೊಳ್ಳಿ. 4 ಕೋರ್ ಹಾಕಿದರೆ 90 ನಿಮಿಷ ಇಪ್ಪತ್ತೆರಡೂವರೆಗೆ ಇಳಿಯುತ್ತದೆ, ಆ 10 ಹಾಗೇ ಉಳಿಯುತ್ತದೆ. ಒಟ್ಟು ಮೂವತ್ತೆರಡೂವರೆ ನಿಮಿಷ. 8 ಕೋರ್ ಹಾಕಿದರೆ ಸುಮಾರು 21 ನಿಮಿಷ. ನೂರು ಕೋರ್ ಇದ್ದರೂ ಸುಮಾರು 11 ನಿಮಿಷ ಬೇಕೇ ಬೇಕು. ಹಾಗಾಗಿ ಕೋರ್ ಹುಡುಕುವ ಮುಂಚೆ ಆ 10 ನಿಮಿಷ ಎಲ್ಲಿ ಹೋಗುತ್ತಿದೆ ಅಂತ ಹುಡುಕಿ. ಎಷ್ಟೋ ಸಲ ಅದು ಒಂದೇ ದೊಡ್ಡ ಫೈಲನ್ನು ಓದುವ ಅಥವಾ ಕೊನೆಗೆ ಎಲ್ಲವನ್ನೂ ಒಂದೇ ಫೈಲಿಗೆ ಬರೆಯುವ ಜಾಗದಲ್ಲಿರುತ್ತದೆ.

ಕೆಲವು ಕೆಲಸಗಳನ್ನು ಹಂಚುವ ಗೋಜಿಗೇ ಹೋಗಬೇಡಿ. ನಮ್ಮ ಕಡೆ ತೋಟಗಳಲ್ಲಿ ಮಳೆಯನ್ನು ಇಂಚು-ಸೆಂಟಿನಲ್ಲಿ ಬರೆದಿಡುತ್ತಾರೆ. 100 ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಒಂದು ತೋಟದ 50 ವರ್ಷದ ದಿನದ ಲೆಕ್ಕ ಅಂದರೂ 18,000 ಚಿಲ್ಲರೆ ಸಾಲು. ಅದನ್ನೆಲ್ಲಾ ಮಿಲಿಮೀಟರಿಗೆ ತಿರುಗಿಸಲು ಒಂದೇ ಕೋರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ನಾಲ್ಕು ಪ್ರಾಸೆಸ್ (ಓಡುತ್ತಿರುವ ಪ್ರೋಗ್ರಾಂನ ಒಂದೊಂದು ಪ್ರತಿ) ಶುರು ಮಾಡಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಮೊದಲ ದಾರಿ: ಪ್ರೋಗ್ರಾಂ ಮುಟ್ಟದೆ, ಫೈಲ್‌ಗಳನ್ನು ಹಂಚಿ

ನನ್ನನ್ನು ಕೇಳಿದರೆ ನಮ್ಮಲ್ಲಿ ಬಹಳ ಜನಕ್ಕೆ ಇದೊಂದು ದಾರಿ ಸಾಕು. ಕೋಡ್ ಬದಲಿಸಬೇಕಿಲ್ಲ. ಅದೇ ಪ್ರೋಗ್ರಾಂನ ನಾಲ್ಕು ಪ್ರತಿಗಳನ್ನು ಒಟ್ಟಿಗೆ ಓಡಿಸಿ, ಒಂದೊಂದಕ್ಕೂ ಬೇರೆ ಬೇರೆ ಫೈಲ್ ಕೊಡುವುದು, ಅಷ್ಟೇ.

ಒಂದು ಉದಾಹರಣೆಯನ್ನು ಕೊನೆಯವರೆಗೂ ನೋಡೋಣ. ನಿಮ್ಮ ಊರಿನ ಶಾಲೆಯದ್ದೋ ಸಂಘದ್ದೋ ಹಳೆಯ ಅಚ್ಚಾದ ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದೀರಿ. 1,200 ಪುಟ, ಪುಟಕ್ಕೊಂದು ಪಿಎನ್‌ಜಿ ಫೈಲ್. ಅವನ್ನು ಹುಡುಕಲು ಬರುವ ಕನ್ನಡ ಪಠ್ಯ ಮಾಡಬೇಕು. ಇದಕ್ಕೆ ಟೆಸರಾಕ್ಟ್ ಅನ್ನುವ ಉಚಿತ ಪ್ರೋಗ್ರಾಂ ಇದೆ, ಅದಕ್ಕೆ ಕನ್ನಡವೂ ಬರುತ್ತದೆ. ಅಚ್ಚಿನ ಅಕ್ಷರಕ್ಕೆ ಇದು ಸರಿ, ಕೈಬರಹಕ್ಕೆ ನೆಚ್ಚಿಕೊಳ್ಳಬೇಡಿ. ಒಂದು ಪುಟಕ್ಕೆ 6 ಸೆಕೆಂಡ್ ಅಂದುಕೊಂಡರೆ ಎಲ್ಲಕ್ಕೂ 7,200 ಸೆಕೆಂಡ್, ಅಂದರೆ ಎರಡು ಗಂಟೆ. ನಾಲ್ಕು ಕೋರಿಗೆ ಹಂಚಿದರೆ ಅರ್ಧ ಗಂಟೆಯ ಆಸುಪಾಸು. ಪುಟ 17ಕ್ಕೂ ಪುಟ 18ಕ್ಕೂ ಯಾವ ಸಂಬಂಧವೂ ಇಲ್ಲ. ಹಂಚಲು ಇದಕ್ಕಿಂತ ಒಳ್ಳೆ ಕೆಲಸ ಸಿಗುವುದಿಲ್ಲ.

ವಿಂಡೋಸ್ ಇದ್ದವರು ಡಬ್ಲ್ಯುಎಸ್‌ಎಲ್ ಹಾಕಿಕೊಂಡರೆ ಒಳಗೇ ಲಿನಕ್ಸ್ ಸಿಗುತ್ತದೆ. ಮುಂದಿನದೆಲ್ಲಾ ಅಲ್ಲೂ ನಡೆಯುತ್ತದೆ.

ಮೊದಲು ಒಂದು ಪುಟಕ್ಕೆ ಮಾತ್ರ ಸಂಬಂಧಿಸಿದ ಚಿಕ್ಕ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಬರೆಯಿರಿ. ಅದು ಮಾಡಬೇಕಾದದ್ದು ಹೀಗೆ. ಪುಟದ ಹೆಸರು ತೆಗೆದುಕೊಳ್ಳಬೇಕು. ಆ ಹೆಸರಿನ ಪಠ್ಯದ ಫೈಲ್ ಆಗಲೇ ಇದ್ದರೆ ಏನೂ ಮಾಡದೆ ವಾಪಸ್ ಹೋಗಬೇಕು. ಇಲ್ಲದಿದ್ದರೆ ಟೆಸರಾಕ್ಟ್ ಓಡಿಸಿ ಫಲಿತಾಂಶವನ್ನು ಒಂದು ತಾತ್ಕಾಲಿಕ ಹೆಸರಿಗೆ ಬರೆಯಬೇಕು. ಅದು ಸರಿಯಾಗಿ ಮುಗಿದ ಮೇಲಷ್ಟೇ ‘ಎಂವಿ’ ಕಮಾಂಡಿನಿಂದ ನಿಜವಾದ ಹೆಸರಿಗೆ ಬದಲಿಸಬೇಕು.

ಈ ತಾತ್ಕಾಲಿಕ ಹೆಸರಿನ ವಿಷಯವನ್ನು ದಯವಿಟ್ಟು ಬಿಡಬೇಡಿ. ಕರೆಂಟ್ ಹೋದ ಕ್ಷಣದಲ್ಲಿ ನಾಲ್ಕು ಪುಟಗಳು ಅರ್ಧ ಬರೆದ ಸ್ಥಿತಿಯಲ್ಲಿರುತ್ತವೆ. ನೇರವಾಗಿ ನಿಜವಾದ ಹೆಸರಿಗೇ ಬರೆಯುತ್ತಿದ್ದರೆ ಆ ಅರ್ಧಂಬರ್ಧ ಫೈಲ್‌ಗಳು ಪೂರ್ತಿಯಾದವುಗಳ ಹಾಗೇ ಕಾಣುತ್ತವೆ. ಮುಂದಿನ ಸಲ ಸ್ಕ್ರಿಪ್ಟ್ ‘ಇದು ಆಗಿದೆ’ ಅಂತ ಬಿಟ್ಟು ಮುಂದೆ ಹೋಗುತ್ತದೆ. ಆರು ತಿಂಗಳ ನಂತರ ಯಾರೋ ಪುಟ 412ರ ಕೆಳಗಿನರ್ಧ ಎಲ್ಲಿ ಅಂತ ಕೇಳುತ್ತಾರೆ. ಒಂದೇ ಡಿಸ್ಕಿನೊಳಗೆ ಹೆಸರು ಬದಲಿಸುವುದು ಹಾಗಲ್ಲ, ಬದಲಾದರೆ ಒಂದೇ ಏಟಿಗೆ ಬದಲಾಗುತ್ತದೆ, ಇಲ್ಲವೆಂದರೆ ಇಲ್ಲ. ಹಾಗಾಗಿ ನಿಜವಾದ ಹೆಸರಿನ ಫೈಲ್ ಕಂಡರೆ ಟೆಸರಾಕ್ಟ್ ಆ ಪುಟವನ್ನು ಕೊನೆಯವರೆಗೂ ಓದಿದೆ ಅಂತ ತಿಳಿಯಬಹುದು.

ಇನ್ನು ಹಂಚುವುದು. ‘ಫೈಂಡ್’ ಕಮಾಂಡಿನಿಂದ ಎಲ್ಲಾ ಪಿಎನ್‌ಜಿಗಳ ಪಟ್ಟಿ ತೆಗೆದು, ಪೈಪ್ (ನಿಂತ ಗೆರೆಯ ಚಿಹ್ನೆ) ಮೂಲಕ ‘ಎಕ್ಸ್‌ಆರ್ಗ್ಸ್’ಗೆ ಕೊಡಿ. ಎಕ್ಸ್‌ಆರ್ಗ್ಸ್‌ಗೆ ಎರಡು ಆಯ್ಕೆ ಹೇಳಬೇಕು. ಹೈಫನ್, ಸಣ್ಣ ಎನ್, 1 ಅಂದರೆ ಒಂದು ಸಲಕ್ಕೆ ಒಂದೇ ಫೈಲ್. ಹೈಫನ್, ದೊಡ್ಡ ಪಿ, 4 ಅಂದರೆ ಒಟ್ಟಿಗೆ ನಾಲ್ಕು. ಆಮೇಲೆ ನಿಮ್ಮ ಸ್ಕ್ರಿಪ್ಟಿನ ಹೆಸರು. ಫೈಲ್ ಹೆಸರುಗಳಲ್ಲಿ ಖಾಲಿ ಜಾಗ ಇದ್ದರೆ ಫೈಂಡ್‌ಗೆ ‘ಪ್ರಿಂಟ್0’, ಎಕ್ಸ್‌ಆರ್ಗ್ಸ್‌ಗೆ ಹೈಫನ್ ಸೊನ್ನೆ ಸೇರಿಸಿ. ಒಂದು ಪುಟ ಮುಗಿದ ಕೂಡಲೇ ಎಕ್ಸ್‌ಆರ್ಗ್ಸ್ ಮುಂದಿನದನ್ನು ಖಾಲಿಯಾದ ಜಾಗಕ್ಕೆ ಕೊಡುತ್ತದೆ. ಎರಡು ಜಾತಿಯ ಕೋರ್ ಇದ್ದವರಿಗೆ ಪರಿಹಾರ ಇದೇ. ವೇಗದ ಕೋರ್ ಜಾಸ್ತಿ ಪುಟ ಮಾಡುತ್ತದೆ, ನಿಧಾನದ್ದು ಕಮ್ಮಿ ಮಾಡುತ್ತದೆ, ಯಾರೂ ಯಾರಿಗೂ ಕಾಯುವುದಿಲ್ಲ.

ಗ್ನೂ ಪ್ಯಾರಲಲ್ ಅನ್ನುವ ಇನ್ನೊಂದು ಸಾಧನವಿದೆ. ಅದಕ್ಕೆ ‘ಜಾಬ್‌ಲಾಗ್’ ಅಂತ ಒಂದು ಫೈಲ್ ಹೆಸರು ಕೊಟ್ಟರೆ ಯಾವ ಕೆಲಸ ಮುಗಿಯಿತು, ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡುತ್ತದೆ. ಮುಂದಿನ ಸಲ ‘ರೆಸ್ಯೂಮ್’ ಅಂದರೆ ಉಳಿದದ್ದನ್ನು ಮಾತ್ರ ಮಾಡುತ್ತದೆ. ‘ಇಟಿಎ’ ಅಂದರೆ ಇನ್ನೆಷ್ಟು ಹೊತ್ತು ಅಂತ ಅಂದಾಜು ಹೇಳುತ್ತದೆ. ಹೊರಗೆ ಗಾಳಿ ಜೋರಾದಾಗ ಇದು ಉಪಯೋಗಕ್ಕೆ ಬರುವ ಮಾಹಿತಿ.

ಟೆಸರಾಕ್ಟ್ ಬಳಸುವವರು ಎಡವುವ ಒಂದು ಜಾಗ ಇಲ್ಲಿದೆ. ಟೆಸರಾಕ್ಟ್ 4ರಿಂದೀಚೆಗೆ ಅದು ತಾನೇ ಒಳಗೆ ನಾಲ್ಕರವರೆಗೆ ಥ್ರೆಡ್ ತೆರೆದುಕೊಳ್ಳುತ್ತದೆ. ನೀವು ನಾಲ್ಕು ಪ್ರತಿ ಓಡಿಸಿದರೆ ಹದಿನಾರು ಥ್ರೆಡ್‌ಗಳು ನಾಲ್ಕು ಕೋರಿಗಾಗಿ ಕಿತ್ತಾಡುತ್ತವೆ. ಸಿಪಿಯು ಶೇಕಡಾ 100 ತೋರಿಸುತ್ತದೆ, ಫ್ಯಾನ್ ಕೂಗುತ್ತದೆ, ಪುಟ ಮಾತ್ರ ಮುಂದೆ ಹೋಗುವುದಿಲ್ಲ. ಓಡಿಸುವ ಮುಂಚೆ ‘ಒಎಂಪಿ_ಥ್ರೆಡ್_ಲಿಮಿಟ್’ ಅನ್ನುವ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗೆ 1 ಅಂತ ಕೊಡಿ. ಆಗ ಒಂದು ಪ್ರತಿ, ಒಂದು ಥ್ರೆಡ್, ಒಂದು ಕೋರ್. ಶೇಕಡಾ 100 ಕಂಡ ಕೂಡಲೇ ಖುಷಿಪಡಬೇಡಿ. ನಿಮಿಷಕ್ಕೆ ಎಷ್ಟು ಪುಟ ಆಗುತ್ತಿದೆ ಅನ್ನುವುದೇ ನಿಜವಾದ ಲೆಕ್ಕ.

ಎಷ್ಟು ಪ್ರತಿ ಓಡಿಸಬೇಕು?

1,200 ಪುಟಕ್ಕೂ ಒಮ್ಮೆಲೇ ಹಚ್ಚಬೇಡಿ. 40 ಪುಟಗಳನ್ನು ಬೇರೆ ಫೋಲ್ಡರಿಗೆ ಹಾಕಿ. 1, 2, 4, 6, 8 ಪ್ರತಿಗಳಿಂದ ಓಡಿಸಿ, ಪ್ರತಿ ಸಲ ರಿಯಲ್ ಸಮಯ ಬರೆದುಕೊಳ್ಳಿ. ಒಂದೊಂದು ಸಲದ ನಡುವೆ ಹಳೆ ಫಲಿತಾಂಶ ಅಳಿಸಲು ಮರೆಯಬೇಡಿ. ಇಲ್ಲದಿದ್ದರೆ ಎರಡನೇ ಸಲ ಎಲ್ಲವೂ ‘ಆಗಿದೆ’ ಅಂತ ಒಂದು ಸೆಕೆಂಡಿಗೆ ಮುಗಿದು ಭಾರಿ ವೇಗ ಬಂದ ಹಾಗೆ ಕಾಣುತ್ತದೆ. ಮೊದಲ ಓಟದಲ್ಲಿ ಫೈಲ್‌ಗಳು ಡಿಸ್ಕಿನಿಂದ ಬರುತ್ತವೆ, ಆಮೇಲಿನವುಗಳಲ್ಲಿ ಮೆಮೊರಿಯಲ್ಲೇ ಉಳಿದಿರುತ್ತವೆ. ಹಾಗಾಗಿ ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯದೆ ಇನ್ನೊಮ್ಮೆ ಓಡಿಸಿ.

4 ಕೋರ್, 8 ಲಾಜಿಕಲ್ ಇರುವ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ನಾಲ್ಕರವರೆಗೆ ಸಮಯ ಚೆನ್ನಾಗಿ ಇಳಿಯುತ್ತದೆ. ಆಮೇಲೆ ಸ್ವಲ್ಪ ಇಳಿಯುತ್ತದೆ, ಅಥವಾ ಅಲ್ಲೇ ನಿಲ್ಲುತ್ತದೆ, ಕೆಲವೊಮ್ಮೆ ಮತ್ತೆ ಏರುತ್ತದೆ. ಎಲ್ಲಿ ಇಳಿಯುವುದು ನಿಂತಿತೋ ಅಲ್ಲಿಗೆ ನಿಲ್ಲಿಸಿ. ಓಡುವಾಗಲೂ ನೀವು ಕಂಪ್ಯೂಟರಿನಲ್ಲಿ ಬೇರೆ ಕೆಲಸ ಮಾಡಬೇಕಿದ್ದರೆ ಒಂದು ಕೋರ್ ಬಿಟ್ಟುಕೊಡಿ, ಇಲ್ಲವೇ ಕಮಾಂಡಿನ ಮುಂದೆ ‘ನೈಸ್’ ಅಂತ ಸೇರಿಸಿ. ಆಗ ಅದು ಬೇರೆ ಪ್ರೋಗ್ರಾಂಗಳಿಗೆ ದಾರಿ ಬಿಟ್ಟು ಓಡುತ್ತದೆ.

ಬಹಳ ಸಲ ಕೋರಿಗಿಂತ ಮುಂಚೆ ಮುಗಿಯುವುದು ಮೆಮೊರಿ. ಒಂದು ಪ್ರತಿಗೆ 3 ಜಿಬಿ ಬೇಕು, ಕಂಪ್ಯೂಟರಿನಲ್ಲಿರುವುದು 8 ಜಿಬಿ ಅಂದರೆ ಎರಡೇ ಪ್ರತಿ, ಎಂಟು ಕೋರ್ ಇದ್ದರೂ ಸರಿ. ಮೂರನೆಯದನ್ನು ತುರುಕಿದರೆ ಕಂಪ್ಯೂಟರ್ ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಹಾಕಿ ತೆಗೆದು ಮಾಡಲು ಶುರು ಮಾಡುತ್ತದೆ. ಆಮೇಲೆ ಮೌಸ್ ಅಲುಗಾಡಿಸಲೂ ಆಗುವುದಿಲ್ಲ. ಲಿನಕ್ಸ್ ಆದರೆ ಕೊನೆಗೆ ಯಾವುದೋ ಒಂದು ಪ್ರಾಸೆಸನ್ನು ತಾನೇ ಕೊಂದುಹಾಕುತ್ತದೆ. ಒಂದು ಪ್ರತಿಯನ್ನು ಮಾತ್ರ ಓಡಿಸಿ, ಅದು ಅತಿ ಹೆಚ್ಚೆಂದರೆ ಎಷ್ಟು ಮೆಮೊರಿ ಹಿಡಿಯುತ್ತದೆ ಅಂತ ‘ಹೆಚ್‌ಟಾಪ್’ನಲ್ಲೋ ಟಾಸ್ಕ್ ಮ್ಯಾನೇಜರ್‌ನಲ್ಲೋ ನೋಡಿ ಭಾಗಿಸಿಕೊಳ್ಳಿ.

ಇದೇ 40 ಪುಟಗಳಲ್ಲಿ ಇನ್ನೊಂದು ಪರೀಕ್ಷೆಯೂ ಆಗಲಿ. ಒಂದು ಪ್ರತಿಯಿಂದ ಬಂದ ಫಲಿತಾಂಶದ ಫೋಲ್ಡರನ್ನೂ ನಾಲ್ಕು ಪ್ರತಿಯಿಂದ ಬಂದದ್ದನ್ನೂ ಉಳಿಸಿಕೊಂಡು ‘ಡಿಫ್’ ಕಮಾಂಡಿನಿಂದ ಹೋಲಿಸಿ. ಒಂದಕ್ಷರವೂ ವ್ಯತ್ಯಾಸ ಬರಬಾರದು. ಬಂದರೆ ಪ್ರತಿಗಳು ಒಂದೇ ತಾತ್ಕಾಲಿಕ ಫೈಲಿಗೆ ಬರೆಯುತ್ತಿವೆಯೇ ನೋಡಿ. ಹೆಚ್ಚಿನಂಶ ತಪ್ಪು ಅಲ್ಲೇ ಇರುತ್ತದೆ. ತಾತ್ಕಾಲಿಕ ಹೆಸರಿನಲ್ಲಿ ಪುಟದ ಸಂಖ್ಯೆ ಇರಲಿ.

ಪೈಥಾನ್‌ನಲ್ಲಿ ಬರೆಯುವವರಿಗೆ

ಪೈಥಾನ್‌ನಲ್ಲಿ ಥ್ರೆಡ್ ಹಾಕಿದೆ, ವೇಗ ಬರಲೇ ಇಲ್ಲ ಅನ್ನುವ ದೂರು ಹಳೆಯದು. ಕಾರಣ ಜಿಐಎಲ್ ಅನ್ನುವ ಒಳಗಿನ ಬೀಗ. ಎಷ್ಟು ಥ್ರೆಡ್ ಇದ್ದರೂ ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಕೋಡನ್ನು ನಡೆಸಬಹುದು. ನೆಟ್‌ನಿಂದ ಫೈಲ್ ಇಳಿಸುವಂಥ ಕಾಯುವ ಕೆಲಸಕ್ಕೆ ಥ್ರೆಡ್ ಸರಿ, ಲೆಕ್ಕದ ಕೆಲಸಕ್ಕಲ್ಲ. 2024ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.13ರಲ್ಲಿ ಈ ಬೀಗವಿಲ್ಲದ ಪ್ರತ್ಯೇಕ ಆವೃತ್ತಿಯನ್ನು ಪ್ರಾಯೋಗಿಕವಾಗಿ ಕೊಟ್ಟರು. ಆದರೆ ನೀವು ಮಾಮೂಲಿಯಾಗಿ ಹಾಕಿಕೊಳ್ಳುವ ಪೈಥಾನ್‌ನಲ್ಲಿ ಬೀಗ ಇದ್ದೇ ಇದೆ. ಹಾಗಾಗಿ ಪ್ರಾಸೆಸ್‌ಗಳನ್ನೇ ಬಳಸಿ.

‘ಕಾನ್‌ಕರೆಂಟ್ ಫ್ಯೂಚರ್ಸ್’ ಲೈಬ್ರರಿಯಲ್ಲಿ ‘ಪ್ರಾಸೆಸ್‌ಪೂಲ್‌ಎಕ್ಸಿಕ್ಯೂಟರ್’ ಇದೆ, ಪೈಥಾನ್ ಜೊತೆಗೇ ಬರುತ್ತದೆ. ಒಂದು ತುಂಡು ಕೆಲಸ ಮಾಡುವ ಫಂಕ್ಷನ್ ಬರೆಯಿರಿ, ತುಂಡುಗಳ ಪಟ್ಟಿ ಮಾಡಿ, ಎಕ್ಸಿಕ್ಯೂಟರಿನ ‘ಮ್ಯಾಪ್’ಗೆ ಎರಡನ್ನೂ ಕೊಡಿ. ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಪ್ರತಿ ಹೊಸ ಪ್ರಾಸೆಸ್ ನಿಮ್ಮ ಫೈಲನ್ನು ಮೊದಲಿನಿಂದ ಓದುತ್ತದೆ. ಆದ್ದರಿಂದ ಪೂಲ್ (ಪ್ರಾಸೆಸ್‌ಗಳ ಗುಂಪು) ಶುರು ಮಾಡುವ ಸಾಲುಗಳು ‘ಇಫ್ ನೇಮ್ ಈಕ್ವಲ್ಸ್ ಮೇನ್’ ಅನ್ನುವ ಷರತ್ತಿನ ಒಳಗಿರಲೇಬೇಕು. ಪೈಥಾನ್ 3.14ಕ್ಕಿಂತ ಮುಂಚಿನ ಆವೃತ್ತಿಗಳಲ್ಲಿ ಲಿನಕ್ಸ್‌ನಲ್ಲಿ ಅದಿಲ್ಲದೆ ನಡೆದದ್ದು ಗೆಳೆಯರ ವಿಂಡೋಸ್‌ನಲ್ಲಿ ಎರರ್ ಕೊಡುವುದು ಇದರಿಂದಲೇ.

ಪ್ರಾಸೆಸ್‌ಗಳ ನಡುವೆ ಡೇಟಾ ಕಳಿಸುವುದು ಪುಕ್ಕಟೆಯಲ್ಲ. ಪ್ರತಿಯೊಂದನ್ನೂ ಕಟ್ಟಿ, ಕಳಿಸಿ, ಬಿಚ್ಚಬೇಕು. ದೊಡ್ಡ ಟೇಬಲನ್ನು ಕಳಿಸುವ ಬದಲು ಫೈಲಿನ ಹೆಸರನ್ನು ಕಳಿಸಿ, ಓದುವುದನ್ನು ಅವೇ ಮಾಡಲಿ. ತುಂಡುಗಳು ತೀರಾ ಸಣ್ಣದಾದರೆ ‘ಚಂಕ್‌ಸೈಜ್’ ಕೊಟ್ಟು ನೂರು-ನೂರರ ಕಟ್ಟು ಮಾಡಿ. ಮ್ಯಾಪ್ ಇಲ್ಲಿ ತಾನಾಗಿ ಹಾಗೆ ಮಾಡುವುದಿಲ್ಲ, ಒಂದೊಂದೇ ಕಳಿಸುತ್ತದೆ. ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈ ಬಳಸುತ್ತಿದ್ದರೆ ಟೆಸರಾಕ್ಟ್‌ನ ತೊಂದರೆ ಇಲ್ಲೂ ಬರಬಹುದು. ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಅದು ತಾನೇ ಥ್ರೆಡ್ ತೆರೆಯುತ್ತದೆ. ‘ಒಎಂಪಿ_ನಂ_ಥ್ರೆಡ್ಸ್’ಗೆ 1 ಕೊಟ್ಟು ಓಡಿಸಿ ನೋಡಿ.

ಇನ್ನೊಂದು ಮಾತು, ಸಂಭವನೀಯತೆಯ ಲೆಕ್ಕ ಮಾಡುವವರಿಗೆ. ಫೆಬ್ರವರಿ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಒಂದೇ ಸಲಕ್ಕೆ ಒಂದು ಇಂಚು ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಸಿಕ್ಕಿ, ಮೂರು ವಾರದೊಳಗೆ ಅದರ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆಯೂ ಬರುವ ಸಾಧ್ಯತೆ ಎಷ್ಟು? ತೋಟದ ಹಳೆ ಲೆಕ್ಕದಿಂದ ವರ್ಷಗಳನ್ನು ಲಕ್ಷ ಸಲ ಎತ್ತಿ ಎತ್ತಿ ನೋಡಿ ಇದಕ್ಕೆ ಉತ್ತರ ಹುಡುಕಬಹುದು. ಈ ಲಕ್ಷವನ್ನು ನಾಲ್ಕು ಪ್ರಾಸೆಸಿಗೆ 25,000ದಂತೆ ಹಂಚುವುದು ಸುಲಭ. ಆದರೆ ನಾಲ್ಕೂ ಒಂದೇ ಸೀಡ್‌ನಿಂದ (ಯಾದೃಚ್ಛಿಕ ಆಯ್ಕೆಗೆ ಮೂಲವಾದ ಸಂಖ್ಯೆಯಿಂದ) ಶುರುವಾದರೆ ನಾಲ್ಕೂ ಅದೇ 25,000 ಎತ್ತುತ್ತವೆ. ಲಕ್ಷ ಸಲ ಮಾಡಿದೆ ಅಂದುಕೊಳ್ಳುತ್ತೀರಿ, ಆದದ್ದು ಕಾಲು ಲಕ್ಷ. ಎರರ್ ಏನೂ ಬರುವುದಿಲ್ಲ. ನಂಪೈ 1.17ರಿಂದ ‘ಸೀಡ್‌ಸೀಕ್ವೆನ್ಸ್’ ಮತ್ತು ಅದರ ‘ಸ್ಪಾನ್’ ಇರುವುದು ಇದಕ್ಕಾಗಿಯೇ. ಒಂದು ಮೂಲ ಸೀಡ್ ಕೊಟ್ಟರೆ ಬೇಕಾದಷ್ಟು ಬೇರೆ ಬೇರೆ ಸೀಡ್ ಮಾಡಿಕೊಡುತ್ತದೆ.

ಆರ್ (ಅಂಕಿಅಂಶಕ್ಕೆ ಬಳಸುವ ಪ್ರೋಗ್ರಾಂ ಭಾಷೆ) ಬಳಸುವವರಿಗೆ ಒಂದೇ ಸಾಲು: ‘ಎಂಸಿ‌ಎಲ್‌ಅಪ್ಲೈ’ ವಿಂಡೋಸ್‌ನಲ್ಲಿ ಒಂದಕ್ಕಿಂತ ಜಾಸ್ತಿ ಕೋರ್ ಬಳಸುವುದಿಲ್ಲ, ಅಲ್ಲಿ ‘ಪಾರ್‌ಎಲ್‌ಅಪ್ಲೈ’ ಬೇಕು.

ಸಿ, ಸಿ ಪ್ಲಸ್ ಪ್ಲಸ್, ಫೋರ್ಟ್ರಾನ್‌ನವರಿಗೆ ಓಪನ್‌ಎಂಪಿ

ಓಪನ್‌ಎಂಪಿ ಅಂದರೆ ಲೂಪಿನ ಸುತ್ತುಗಳನ್ನು ಥ್ರೆಡ್‌ಗಳಿಗೆ ಹಂಚುವ ಪದ್ಧತಿ. ಇಲ್ಲಿ ಥ್ರೆಡ್‌ಗಳು ನಿಜವಾಗಿ ಒಟ್ಟಿಗೆ ಓಡುತ್ತವೆ, ಮೆಮೊರಿಯನ್ನೂ ಹಂಚಿಕೊಳ್ಳುತ್ತವೆ. ಫಾರ್ ಲೂಪಿನ ಮೇಲೆ ‘ಪ್ರಾಗ್ಮಾ ಒಎಂಪಿ ಪ್ಯಾರಲಲ್ ಫಾರ್’ ಅಂತ ಒಂದು ಸಾಲು ಬರೆದು, ಜಿಸಿಸಿ ಕಂಪೈಲರಿಗೆ ‘ಎಫ್‌ಓಪನ್‌ಎಂಪಿ’ ಆಯ್ಕೆ ಕೊಟ್ಟು ಕಂಪೈಲ್ ಮಾಡಿದರೆ ಆಯಿತು. ಆಯ್ಕೆ ಕೊಡಲು ಮರೆತರೆ ಜಿಸಿಸಿ ಆ ಸಾಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಪ್ರೋಗ್ರಾಂ ಒಂದೇ ಕೋರಿನಲ್ಲಿ ಓಡುತ್ತದೆ. ವೇಗ ಬರಲಿಲ್ಲ ಅಂದರೆ ಮೊದಲು ಇದನ್ನು ನೋಡಿ.

ಮೆಮೊರಿ ಹಂಚಿಕೊಳ್ಳುವುದರಲ್ಲೇ ಅಪಾಯವೂ ಇದೆ. ಒಟ್ಟು ಮಳೆ ಕೂಡಿಸುವ ಲೂಪ್ ತಗೊಳ್ಳಿ. ಒಟ್ಟು ಈಗ 40 ಸೆಂಟ್ ಇದೆ. ಒಂದು ಥ್ರೆಡ್ ಅದನ್ನು ಓದಿಕೊಂಡಿತು, ಅದರ ಕೈಯಲ್ಲಿರುವ ದಿನದ ಮಳೆ 12. ಅದು ಬರೆಯುವ ಮುಂಚೆಯೇ ಎರಡನೇ ಥ್ರೆಡ್ ಕೂಡ ಆ 40ನ್ನೇ ಓದಿತು, ಅದರ ಕೈಯಲ್ಲಿರುವುದು 25. ಮೊದಲನೆಯದು 52 ಬರೆಯಿತು. ಎರಡನೆಯದು ಅದರ ಮೇಲೆಯೇ 65 ಬರೆಯಿತು. ಆಗಬೇಕಾದದ್ದು 77. 12 ಸೆಂಟ್ ಮಳೆ ಮಾಯ. ಇದು ಪ್ರತಿ ಸಲ ಆಗುವುದಿಲ್ಲ, ಆದ ಸಲ ಒಂದೇ ರೀತಿ ಆಗುವುದೂ ಇಲ್ಲ. ಸಣ್ಣ ಪರೀಕ್ಷೆಯಲ್ಲಿ ಸರಿ ಬಂದು ದೊಡ್ಡ ಓಟದಲ್ಲಿ ತಪ್ಪುತ್ತದೆ. ಹಾಗಾಗಿ ಹುಡುಕುವುದು ಕಷ್ಟ.

ಪರಿಹಾರ ಸುಲಭ. ಪ್ರಾಗ್ಮಾ ಸಾಲಿನಲ್ಲೇ ‘ರಿಡಕ್ಷನ್’ ಅಂತ ಬರೆದು, ಬ್ರಾಕೆಟ್ಟಿನಲ್ಲಿ ಪ್ಲಸ್, ಕೋಲನ್, ಆ ವೇರಿಯೇಬಲಿನ ಹೆಸರು ಕೊಡಿ. ಪ್ರತಿ ಥ್ರೆಡ್ ತನ್ನದೇ ಮೊತ್ತ ಇಟ್ಟುಕೊಂಡು ಕೊನೆಗೆ ಎಲ್ಲವೂ ಸೇರುತ್ತವೆ. ಪ್ರತಿ ಕೂಡಿಕೆಗೂ ಬೀಗ ಹಾಕಿದರೂ ಉತ್ತರ ಸರಿ ಬರುತ್ತದೆ. ಆದರೆ ಆಗ ಎಲ್ಲರೂ ಮತ್ತೆ ಒಂದೇ ತಕ್ಕಡಿಯ ಮುಂದೆ ಸಾಲು ನಿಂತ ಹಾಗೆ.

ರಿಡಕ್ಷನ್ ಹಾಕಿದ ಮೇಲೂ ದಶಮಾಂಶದ ಕೊನೆಯ ಅಂಕೆಗಳು ಒಂದು ಓಟದಿಂದ ಇನ್ನೊಂದಕ್ಕೆ ಬದಲಾದರೆ ಗಾಬರಿ ಬೇಡ. ದಶಮಾಂಶ ಸಂಖ್ಯೆಗಳನ್ನು ಬೇರೆ ಕ್ರಮದಲ್ಲಿ ಕೂಡಿಸಿದರೆ ಕೊನೆಯ ಅಂಕೆ ಸ್ವಲ್ಪ ಬದಲಾಗುತ್ತದೆ. ಇಲ್ಲಿ ನಮ್ಮ ತೋಟದ ಲೆಕ್ಕವೇ ಜಾಣತನದ್ದು. ಇಂಚನ್ನು ದಶಮಾಂಶದಲ್ಲಿ ಇಡದೆ ಸೆಂಟಿನ ಪೂರ್ಣಾಂಕದಲ್ಲೇ ಇಟ್ಟು ಕೂಡಿಸಿ. ಯಾವ ಕ್ರಮದಲ್ಲಿ ಕೂಡಿಸಿದರೂ ಒಂದೇ ಉತ್ತರ. ಮಿಲಿಮೀಟರಿಗೆ ಕೊನೆಯಲ್ಲಿ ಒಮ್ಮೆ ತಿರುಗಿಸಿದರೆ ಸಾಕು.

ಲೂಪಿನ ಕೆಲವು ಸುತ್ತು ಬೇಗ, ಕೆಲವು ತಡ ಆಗುವಂತಿದ್ದರೆ ‘ಷೆಡ್ಯೂಲ್ ಡೈನಮಿಕ್’ ಸೇರಿಸಿ. ಎರಡು ಜಾತಿಯ ಕೋರ್ ಇರುವ ಚಿಪ್‌ಗಳಿಗೂ ಇದು ಬೇಕು.

ಎಂಪಿಐ 1994ರಿಂದ ಇರುವ ಪದ್ಧತಿ, ಹಲವು ಕಂಪ್ಯೂಟರ್ ಜೋಡಿಸಿ ಓಡಿಸಲು ಮಾಡಿದ್ದು. ಒಂದೇ ಕಂಪ್ಯೂಟರಿನಲ್ಲೂ ‘ಎಂಪಿಐರನ್’ಗೆ ಎನ್‌ಪಿ 4 ಅಂತ ಕೊಟ್ಟು ಓಡಿಸಬಹುದು. ಓಪನ್ ಎಂಪಿಐ ಸಾಮಾನ್ಯವಾಗಿ ನಿಜವಾದ ಕೋರ್‌ಗಳನ್ನಷ್ಟೇ ಎಣಿಸುತ್ತದೆ. ನಾಲ್ಕು ಕೋರಿನಲ್ಲಿ ಎಂಟು ಕೇಳಿದರೆ ಸ್ಲಾಟ್ ಸಾಲದು ಅಂತ ನಿಲ್ಲುತ್ತದೆ. ಮುಂದೆ ದೊಡ್ಡ ಯಂತ್ರಕ್ಕೆ ಒಯ್ಯುವ ಉದ್ದೇಶವಿದ್ದರೆ ಮಾತ್ರ ಕಲಿಯಿರಿ. ಇಲ್ಲದಿದ್ದರೆ ಇದರ ಸಹವಾಸ ಬೇಡ.

ಬಿಸಿ, ಬ್ಯಾಟರಿ, ಯುಪಿಎಸ್

ಎಲ್ಲಾ ಕೋರ್ ಒಟ್ಟಿಗೆ ದುಡಿದರೆ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ. ಒಂದು ಮಟ್ಟ ಮೀರಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೊದಲ ಎರಡು ನಿಮಿಷ ಭಾರಿ ವೇಗ, ಆಮೇಲೆ ನಿಧಾನ ಅಂದರೆ ಕಾರಣ ಇದೇ ಇರಬಹುದು. ಹಾಗಾಗಿ 40 ಪುಟದ ಪರೀಕ್ಷೆ ತೋರಿಸಿದ ವೇಗ 1,200 ಪುಟಕ್ಕೂ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಮಡಿಕೇರಿ ಸಾವಿರ ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ, ಮಳೆಗಾಲದ ತಂಪು ಈ ವಿಷಯದಲ್ಲಿ ನಮ್ಮ ಕಡೆಗಿದೆ. ಆದರೂ ಲ್ಯಾಪ್‌ಟಾಪನ್ನು ಕಂಬಳಿ ಮೇಲಿಟ್ಟು ಓಡಿಸಿದರೆ ಗಾಳಿ ಹೋಗುವ ಕಿಂಡಿ ಮುಚ್ಚುತ್ತದೆ. ಮೇಜಿನ ಮೇಲಿಡಿ.

ಬ್ಯಾಟರಿಯಲ್ಲಿ ಓಡುವಾಗ ಬಹಳ ಲ್ಯಾಪ್‌ಟಾಪ್‌ಗಳು ವೇಗವನ್ನೂ ಇಳಿಸುತ್ತವೆ. ಡೆಸ್ಕ್‌ಟಾಪ್ ಮತ್ತು ಸಣ್ಣ ಯುಪಿಎಸ್ ಇದ್ದವರು ಇನ್ನೊಂದು ಗಮನಿಸಬೇಕು. ಎಲ್ಲಾ ಕೋರ್ ದುಡಿಯುವಾಗ ಕಂಪ್ಯೂಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಯುಪಿಎಸ್ ಮಾಮೂಲಿಗಿಂತ ಬೇಗ ಮುಗಿಯುತ್ತದೆ. ಕರೆಂಟ್ ಹೋದ ಸದ್ದು ಕೇಳಿದ ಕೂಡಲೇ ಟರ್ಮಿನಲ್‌ನಲ್ಲಿ ಕಂಟ್ರೋಲ್ ಸಿ ಒತ್ತಿ ಕಂಪ್ಯೂಟರ್ ಆರಿಸಿಬಿಡಿ. ತಾತ್ಕಾಲಿಕ ಹೆಸರಿನ ಉಪಾಯ ಮಾಡಿಕೊಂಡಿದ್ದರೆ ಹೋಗುವುದು ಆ ಹೊತ್ತಿನ ನಾಲ್ಕು ಪುಟ, ಅಂದರೆ ಕೆಲವು ಸೆಕೆಂಡಿನ ಕೆಲಸ.

ಎಲ್ಲಾ ಮುಗಿಯಿತು ಅಂತ ಟರ್ಮಿನಲ್ ಹೇಳಿದ ಮೇಲೆ ಪಿಎನ್‌ಜಿಗಳನ್ನೂ ಪಠ್ಯದ ಫೈಲ್‌ಗಳನ್ನೂ ಎಣಿಸಿ. ಎರಡೂ 1,200 ಇರಬೇಕು. ಆಮೇಲೆ ಪಠ್ಯದ ಫೈಲ್‌ಗಳನ್ನು ಗಾತ್ರದ ಪ್ರಕಾರ ಜೋಡಿಸಿ ತೀರಾ ಚಿಕ್ಕವನ್ನು ತೆರೆದು ನೋಡಿ. ಕೆಲವು ನಿಜವಾಗಿಯೂ ಖಾಲಿ ಪುಟ ಅಥವಾ ಬರೀ ಫೋಟೋ ಇರುವ ಪುಟ ಆಗಿರುತ್ತವೆ, ಅವನ್ನು ಬಿಡಿ. ಕೆಲವು ಸ್ಕ್ಯಾನ್ ಮಾಡುವಾಗ ಅಡ್ಡಲಾಗಿ ಬಂದವು, ಅವನ್ನು ತಿರುಗಿಸಿ ಸರಿಮಾಡಿ. ಅಷ್ಟರ ಪಠ್ಯ ಅಳಿಸಿ ಅದೇ ಕಮಾಂಡನ್ನು ಇನ್ನೊಮ್ಮೆ ಕೊಡಿ. ಉಳಿದದ್ದನ್ನೆಲ್ಲಾ ಬಿಟ್ಟು ಅವನ್ನು ಮಾತ್ರ ಓದುತ್ತದೆ.